ಮನೆಕೂಟದಲ್ಲಿ ‘ದೇವರ ಆಲಯ’ದ ಪಾಠವನ್ನು ನಡೆಸುವ ಬಗೆ

ಚಿತ್ರದುರ್ಗದಲ್ಲಿ ಭಾನುವಾರ ಚರ್ಚಿಗೆ ಹೋಗುವ ಹಲವು ಕುಟುಂಬಗಳು ವಾರದ ನಡುವೆ ಒಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತವೆ. ದೇವರು ಕಟ್ಟಡದಲ್ಲಲ್ಲ, ನಂಬಿದವರಲ್ಲಿ ವಾಸಿಸುತ್ತಾನೆ ಎಂಬ ಕ್ರೈಸ್ತ ನಂಬಿಕೆಯನ್ನು ಕಲಿಯಲು ಜಮಖಾನೆ ಹಾಸಿದ ಇಂಥ ನಡುಮನೆಗಿಂತ ತಕ್ಕ ಸ್ಥಳವಿಲ್ಲ. ಈ ಪಾಠಕ್ಕೆ ಮೂರು ಸಂಜೆಗಳನ್ನು ಇಟ್ಟುಕೊಳ್ಳಿರಿ, ಮತ್ತು ಆರಂಭಿಸುವ ಮೊದಲು ನಿಮ್ಮ ಸಭಾಪಾಲಕರಿಗೆ ವಿಷಯವನ್ನು ತಿಳಿಸಿರಿ. ಹಾಗೆ ಮಾಡದಿದ್ದರೆ ಚರ್ಚಿನ ವಿರುದ್ಧ ಏನೋ ನಡೆಯುತ್ತಿದೆ ಎಂಬ ತಪ್ಪು ಸುದ್ದಿ ಹಬ್ಬಬಹುದು.

ಮೊದಲನೆಯ ಸಂಜೆಯೇ ಅಪೊಸ್ತಲನಾದ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳನ್ನು ತೆರೆಯಬೇಡಿರಿ. ನಾನು ಹಿಂದೆ ಒಮ್ಮೆ ಹಾಗೆ ಮಾಡಿದಾಗ, ಕೂಡಿದ್ದವರು ‘ನೀವು ದೇವರ ಆಲಯವಾಗಿದ್ದೀರಿ’ ಎಂಬ ಪೌಲನ ಮಾತನ್ನು ಒಂದು ಹೊಗಳಿಕೆಯಂತೆ ಕೇಳಿಸಿಕೊಂಡು ಸಂತೋಷದಿಂದ ಮನೆಗೆ ಹೋದರು. ಅದರ ಹಿಂದಿರುವ ದೀರ್ಘ ಕಥೆ ಅವರಿಗೆ ದಕ್ಕಲಿಲ್ಲ. ವಿಮೋಚನಕಾಂಡ 25:8ರಿಂದ ಆರಂಭಿಸಿರಿ. ಅಲ್ಲಿ ದೇವರು ತನಗೊಂದು ಪರಿಶುದ್ಧ ಸ್ಥಳವನ್ನು ಮಾಡಬೇಕೆಂದು ಹೇಳುತ್ತಾನೆ. ಆದರೆ ಅದರೊಳಗೆ ವಾಸಿಸುವೆನೆಂದು ಹೇಳದೆ ‘ಅವರ ಮಧ್ಯದಲ್ಲಿ’ ವಾಸಿಸುವೆನೆಂದು ಹೇಳುತ್ತಾನೆ. ಈ ಒಂದು ಪದದ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿರಿ. ಅನಂತರ ಅರಸುಗಳು ಪ್ರಥಮ ಭಾಗ 8:27ಕ್ಕೆ ಬನ್ನಿರಿ: ಯೆರೂಸಲೇಮಿನ ದೇವಾಲಯವನ್ನು ಕಟ್ಟಿಸಿದ ಸೊಲೊಮೋನನೇ ಅದರ ಪ್ರತಿಷ್ಠೆಯ ದಿನ, ಉನ್ನತೋನ್ನತವಾದ ಆಕಾಶಕ್ಕೂ ಹಿಡಿಸದ ದೇವರನ್ನು ತಾನು ಕಟ್ಟಿದ ಮನೆ ಹೇಗೆ ಹಿಡಿದೀತು ಎಂದು ಪ್ರಾರ್ಥಿಸುತ್ತಾನೆ.

ಆಮೇಲೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಹೆಣ್ಣುಮಕ್ಕಳಲ್ಲಿ ಒಬ್ಬರಿಂದ ಓದಿಸಿರಿ. ನೀರಿಗಾಗಿ ಕೊಡ ಹೊತ್ತು ನಡೆದವರಿರುವ ಈ ಜಿಲ್ಲೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಬಾವಿಗೆ ಬಂದ ಸಮಾರ್ಯದ ಸ್ತ್ರೀಯ ಸ್ಥಿತಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ದೇವರನ್ನು ಆರಾಧಿಸಬೇಕಾದ ಸ್ಥಳ ಈ ಬೆಟ್ಟವೋ ಯೆರೂಸಲೇಮೋ ಎಂದು ಕೇಳಿದ ಅವಳಿಗೆ ಯೇಸು ಎರಡರಲ್ಲಿ ಒಂದನ್ನು ಆರಿಸಿಕೊಡದೆ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವ ಕಾಲ ಬಂದಿದೆ ಎನ್ನುತ್ತಾನೆ. ಅದಕ್ಕೂ ಮೊದಲು, ಎರಡನೆಯ ಅಧ್ಯಾಯದಲ್ಲಿ, ಆತನು ದೇವಾಲಯವೆಂದು ತನ್ನ ದೇಹವನ್ನೇ ಕುರಿತು ಹೇಳಿದ್ದಾನೆ. ಪಾಠದ ಕೀಲು ಇಲ್ಲಿದೆ: ದೇವರ ವಾಸಸ್ಥಳವು ಕಟ್ಟಡದಿಂದ ಮೊದಲು ಕ್ರಿಸ್ತನಿಗೆ, ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದು ಬಂದಾಗ ಆತನ ಜನರಿಗೆ ಬರುತ್ತದೆ.

ಎರಡನೆಯ ಸಂಜೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 3:16ನ್ನು ಓದಿರಿ. ನೀವು ದೇವರ ಆಲಯವಾಗಿದ್ದೀರಿ ಎಂಬಲ್ಲಿಯ ‘ನೀವು’ ಎಂಬುದು ಕನ್ನಡದಲ್ಲಿ ಒಬ್ಬರನ್ನು ಗೌರವದಿಂದ ಕರೆಯುವ ಮಾತೂ ಆಗಿರುವುದರಿಂದ ನಮ್ಮವರು ಇಲ್ಲಿ ಸುಲಭವಾಗಿ ಎಡವುತ್ತಾರೆ. ಗ್ರೀಕ್ ಮೂಲದಲ್ಲಿ ಅದು ಸ್ಪಷ್ಟವಾದ ಬಹುವಚನ; ‘ನೀವೆಲ್ಲರೂ ಸೇರಿ ಒಂದು ಆಲಯ’ ಎಂದೇ ಅದರ ಅರ್ಥ. ಅದಕ್ಕೆ ಜೊತೆಯಾಗಿ ಪೇತ್ರನು ಬರೆದ ಮೊದಲನೆಯ ಪತ್ರಿಕೆ 2:5ರ ‘ಜೀವವುಳ್ಳ ಕಲ್ಲುಗಳು’ ಎಂಬ ಮಾತನ್ನು ಓದಿಸಿ, ನಮ್ಮ ಏಳುಸುತ್ತಿನ ಕೋಟೆಯ ಗೋಡೆಯನ್ನು ನೆನಪಿಸಿರಿ. ಅಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲಿಗೆ ಆತು ನಿಂತಿದೆ. ಒಂದನ್ನು ಕಿತ್ತು ಬಯಲಿಗೆ ಎಸೆದರೆ ಅದು ಬರಿಯ ಬಂಡೆ.

ಇಲ್ಲಿ ಅವಸರ ಮಾಡದೆ ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯಕ್ಕೂ ಹೋಗಿರಿ. ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಯೆಹೂದ್ಯರಲ್ಲದ ಅನ್ಯಜನರನ್ನು ತಡೆಯುವ ಕಲ್ಲಿನ ಅಡ್ಡಗೋಡೆಯೊಂದಿತ್ತು. ಅದನ್ನು ದಾಟಿದವನಿಗೆ ಮರಣವೇ ಗತಿಯೆಂದು ಗ್ರೀಕ್ ಭಾಷೆಯಲ್ಲಿ ಎಚ್ಚರಿಸುವ ಶಾಸನವೊಂದು 1871ರಲ್ಲಿ ದೊರೆತಿದ್ದು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಜನರನ್ನು ಬೇರ್ಪಡಿಸುವ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನೆಂದು ಹೇಳಿದ ಮೇಲೆಯೇ ಪೌಲನು ನೀವು ದೇವರ ನಿವಾಸಸ್ಥಾನವಾಗಿ ಕಟ್ಟಲ್ಪಡುತ್ತಿದ್ದೀರಿ ಎನ್ನುತ್ತಾನೆ. ಆದುದರಿಂದ ನಿಮ್ಮ ಕೂಟದಲ್ಲಿ ಯಾರು ಗೋಡೆಗೊರಗಿ ಕೂರುತ್ತಾರೆ, ಯಾರು ಬಾಗಿಲ ಬಳಿಯೇ ಉಳಿಯುತ್ತಾರೆ ಎಂಬುದನ್ನು ಗಮನಿಸಿರಿ. ಚಹಾ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಬರಲಿ. ಯಾವ ಮನೆಯಲ್ಲಾದರೂ ಜಾತಿಯ ಕಾರಣಕ್ಕೆ ಒಂದು ಲೋಟ ಬೇರೆಯಾಗಿದ್ದರೆ, ಆ ಸಂಜೆಯ ಪಾಠವನ್ನು ನಿಲ್ಲಿಸಿ ಮೊದಲು ಅದನ್ನು ಸರಿಪಡಿಸುವುದೇ ಸರಿಯೆಂದು ನಾನು ತಿಳಿಯುತ್ತೇನೆ.

ದೇಹವೇ ದೇಗುಲವೆಂದು ಹನ್ನೆರಡನೆಯ ಶತಮಾನದ ಶರಣರೂ ಹೇಳಿದ್ದಾರಲ್ಲವೇ ಎಂದು ಈ ನಾಡಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದು ಗೌರವದಿಂದ ಒಪ್ಪಿಕೊಳ್ಳಿರಿ. ಕ್ರೈಸ್ತ ನಂಬಿಕೆಯ ಆಧಾರ ಮಾತ್ರ ಬೇರೆ: ನಂಬಿದವನಿಗೆ ಕ್ರಿಸ್ತನ ಮೂಲಕ ಪವಿತ್ರಾತ್ಮನು ವರವಾಗಿ ದೊರೆಯುತ್ತಾನೆ, ಮತ್ತು ಮನೆಯೊಳಗೆ ವಾಸಿಸುವವನೂ ಮನೆಯೂ ಎಂದಿಗೂ ಒಂದೇ ಆಗುವುದಿಲ್ಲ.

ಮೂರನೆಯ ಸಂಜೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6:19ನ್ನು ತೆಗೆದುಕೊಳ್ಳಿರಿ. ಇಲ್ಲಿ ಮಾತು ಒಬ್ಬೊಬ್ಬರ ದೇಹಕ್ಕೆ ಇಳಿಯುತ್ತದೆ. ಗುಟ್ಕಾ, ಹೆಂಡಗಳ ಪ್ರಸ್ತಾಪ ತಾನಾಗಿ ಬರುವುದು, ಬರಲಿ. ಆದರೆ ಅಲ್ಲಿಗೇ ನಿಲ್ಲಬೇಡಿರಿ. ಗಂಡನಿಂದ ಪೆಟ್ಟು ತಿನ್ನುವ ಹೆಂಗಸಿನ ದೇಹವೂ ಪವಿತ್ರಾತ್ಮನ ಆಲಯವೆಂದು ಗಂಡಸರು ಕುಳಿತಿರುವಾಗಲೇ ಸ್ಪಷ್ಟವಾಗಿ ಹೇಳಿರಿ. ದಿನಗೂಲಿಯಿಂದ ದಣಿದು ಬಂದು ಪ್ರಾರ್ಥನೆಯ ನಡುವೆ ತೂಕಡಿಸುವವರ ದೇಹವೂ ಹಾಗೆಯೇ. ಅವರನ್ನು ಎಬ್ಬಿಸಿ ನಾಚಿಸಬೇಡಿರಿ.

ಹಾಗಾದರೆ ಚರ್ಚಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ಪೌಲನ ಜೊತೆಗೆಲಸದವರಾದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಮನೆಯಲ್ಲಿ ಸಭೆ ಕೂಡುತ್ತಿತ್ತು. ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ ಮೂರನೆಯ ಶತಮಾನದ ಕ್ರೈಸ್ತರು ಒಂದು ವಾಸದ ಮನೆಯ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದು ಕೂಡುವ ಹಜಾರವನ್ನು ಮಾಡಿಕೊಂಡಿದ್ದರು. ಕಟ್ಟಡವಿಲ್ಲದೆ ಸಭೆ ಇರಬಲ್ಲದು, ಆದರೆ ಕೂಡಿಬರುವುದಿಲ್ಲದೆ ಸಭೆಯೇ ಇಲ್ಲ. ನೂರಾರು ಜನರು ಮಳೆಬಿಸಿಲೆನ್ನದೆ ಒಟ್ಟಾಗಿ ಕೂಡಲು ಚರ್ಚಿನ ಸೂರು ಬೇಕು. ಅದನ್ನು ಗುಡಿಸಿ, ಸುಣ್ಣ ಬಳಿದು ಚೊಕ್ಕಟವಾಗಿಡುವ ಕೆಲಸವನ್ನು ಈ ಪಾಠ ಹಗುರವೆಂದು ಕಾಣುವುದಿಲ್ಲ.

ಇದಕ್ಕಿಂತ ಕಷ್ಟದ ಪ್ರಶ್ನೆಯೊಂದನ್ನು ಯಾರಾದರೂ ಮೆಲ್ಲನೆ, ಎಲ್ಲರೂ ಎದ್ದ ಮೇಲೆ ಕೇಳುತ್ತಾರೆ: ನನ್ನೊಳಗೆ ಏನೂ ಅನಿಸುವುದಿಲ್ಲ, ದೇವರು ನನ್ನಲ್ಲಿದ್ದಾನೆಯೇ? ಬೇಗನೆ ಉತ್ತರಿಸದೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೊರಿಂಥದವರು ಜಗಳಗಂಟರಾಗಿದ್ದರು, ಬಡವರನ್ನು ಹಸಿದಿರಲು ಬಿಟ್ಟು ಉಣ್ಣುತ್ತಿದ್ದರು; ಪೌಲನು ಅವರಿಗೂ ದೇವರ ಆಲಯ ‘ಆಗುವಿರಿ’ ಎನ್ನದೆ ‘ಆಗಿದ್ದೀರಿ’ ಎಂದೇ ಬರೆದನೆಂಬುದನ್ನು ತಿಳಿಸಿರಿ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದ ನಮ್ಮ ಬಲಹೀನತೆಯಲ್ಲಿಯೂ ಆತ್ಮನು ನಮಗಾಗಿ ಬೇಡಿಕೊಳ್ಳುತ್ತಾನೆಂಬ ರೋಮಾಪುರದವರಿಗೆ 8:26ನ್ನು ಅವರ ಕೈಯಲ್ಲಿಯೇ ತೆರೆದುಕೊಡಿರಿ.

ಮೂರನೆಯ ಕೂಟವನ್ನು ಸಾಧ್ಯವಾದರೆ ನಿಮ್ಮ ಸಭೆಯಲ್ಲಿ ಹಾಸಿಗೆ ಹಿಡಿದು ಬಹಳ ಕಾಲದಿಂದ ಚರ್ಚಿಗೆ ಬರಲಾಗದೆ ಇರುವ ಹಿರಿಯರ ಮನೆಯಲ್ಲಿ ಇರಿಸಿರಿ. ಮನೆಯವರನ್ನು ಮೊದಲೇ ಕೇಳಿ, ಐದಾರು ಮಂದಿಗಿಂತ ಹೆಚ್ಚು ಹೋಗದೆ, ಮಂಚದ ಸುತ್ತ ಕುಳಿತು, ಅವರಿಗೆ ಬಾಯಿಪಾಠವಿರುವ ಕೀರ್ತನೆಯನ್ನೇ ಸಣ್ಣ ದನಿಯಲ್ಲಿ ಹಾಡಿರಿ. ಕೊನೆಯ ಪ್ರಾರ್ಥನೆಯನ್ನು ನೀವು ಮಾಡದೆ ಅವರಿಂದಲೇ ಮಾಡಿಸಿರಿ.