ಸೊಂಟ ನೋವೇ? ಒಂದು ಬೆರಳಿಟ್ಟು ತೋರಿಸಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನನ್ನ ಬಳಿ ಬರುವವರ ದೂರು ಹೆಚ್ಚುಕಡಿಮೆ ಒಂದೇ. ‘ಸೊಂಟ ನೋವು ಮೇಡಂ, ಕೂತರೆ ಏಳಕ್ಕಾಗಲ್ಲ.’ ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಮುಂದೆ ಕೂತವರು ಏಳುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಏಳುವಾಗ ಕಂಬ ಬೇಕು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಕಾಲು ದಾರಿಗೆ ಬರುತ್ತದೆ.

ಫಿಸಿಯೋಥೆರಪಿಸ್ಟ್ ಆಗಿ ನಾನು ಅವರನ್ನು ಮೊದಲು ಕೇಳುವುದು ಇಷ್ಟೇ: ‘ಒಂದು ಬೆರಳಿಟ್ಟು ತೋರಿಸಿ, ಎಲ್ಲಿ?’ ಒಬ್ಬರು ಬೆನ್ನಿನ ಕೆಳಗೆ ಬೆರಳಿಡುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ, ತೊಡೆಯ ಮೇಲ್ತುದಿಯ ಗಟ್ಟಿ ಮೂಳೆಯ ಮೇಲೆ. ಮತ್ತೊಬ್ಬರು ತೊಡೆಸಂದಿನಲ್ಲಿ. ನಮ್ಮ ಮಾತಿನಲ್ಲಿ ಈ ಮೂರೂ ಸೊಂಟವೇ. ಆದರೆ ನೋವು ಮೂರು ಬಗೆ, ಪರಿಹಾರವೂ ಮೂರು ಬಗೆ. ‘ಸೊಂಟ ನೋವಿಗೆ ಮಾತ್ರೆ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಈ ವ್ಯತ್ಯಾಸ ಅಲ್ಲಿಯೇ ಕಳೆದುಹೋಗುತ್ತದೆ.

ಕೀಲಿನ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ತೊಡೆಮೂಳೆಯ ತಲೆ ದುಂಡಗಿದೆ. ಅದು ಸೊಂಟದ ಮೂಳೆಯ ಕುಳಿಯೊಳಗೆ ಕೂತು, ಒರಳಿನಲ್ಲಿ ಗುಂಡು ತಿರುಗುವ ಹಾಗೆ ತಿರುಗುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ನಾವು ಒಂಟಿ ಕಾಲಿನ ಮೇಲೆ ಇರುತ್ತೇವೆ. ಆಗ ಮೈ ಆ ಕಡೆ ಈ ಕಡೆ ವಾಲದಂತೆ ಹಿಡಿಯುವುದು ಸೊಂಟದ ಪಕ್ಕದ ಸ್ನಾಯುಗಳು. ಅವು ಎಳೆಯುವ ಬಲವೂ ಸೇರಿ ಕೀಲಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಗುವವರ ಕೀಲು 150ರಿಂದ 180 ಕಿಲೋ ಹೊರುತ್ತದೆ ಎಂದಾಯಿತು. ಐದು ಕಿಲೋ ತೂಕ ಇಳಿಸಿದರೆ ಕೀಲಿಗೆ ಎಷ್ಟು ಹಗುರ, ನೀವೇ ಲೆಕ್ಕ ಹಾಕಿ.

ಹೆಜ್ಜೆ 1: ನೋವಿನ ಜಾಗ ಗುರುತಿಸಿ

ತೊಡೆಸಂದಿನಲ್ಲಿ ನೋವಿದ್ದರೆ ಕೀಲಿನದ್ದೇ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಐವತ್ತರ ಆಸುಪಾಸಿನಲ್ಲಿ ಮತ್ತು ಆಮೇಲೆ ಇದು ಸಾಮಾನ್ಯವಾಗಿ ಸವಕಳಿಯ ಸಂಧಿವಾತ. ಬೆಳಿಗ್ಗೆ ಎದ್ದಾಗ ಬಿಗಿತ ಇರುತ್ತದೆ, ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಕಾಲುಗುರು ಕತ್ತರಿಸುವುದು, ಪ್ಯಾಂಟ್ ಹಾಕಿಕೊಳ್ಳುವುದು, ಬೈಕಿನ ಮೇಲೆ ಕಾಲು ಹಾಕುವುದು ದಿನೇದಿನೇ ಕಷ್ಟವಾಗುತ್ತದೆ.

ಈ ನೋವು ಇದ್ದಲ್ಲೇ ಇರುವುದಿಲ್ಲ, ತೊಡೆಯ ಮುಂಭಾಗದಲ್ಲಿ ಇಳಿದು ಮೊಣಕಾಲಿಗೆ ಹೋಗುತ್ತದೆ. ನನ್ನ ಅಮ್ಮನಿಗೆ ಆದದ್ದು ಹೀಗೆಯೇ. ಏಳು ತಿಂಗಳು ಮೊಣಕಾಲು ನೋವೆಂದು ಎಣ್ಣೆ ತಿಕ್ಕಿದರು, ನೀ ಕ್ಯಾಪ್ ಹಾಕಿದರು. ಊರ ಹತ್ತಿರದ ಒಂದು ಕಡೆ ಮೊಣಕಾಲಿನ ಎಕ್ಸ್‌ರೇ ತೆಗೆದು ‘ವಯಸ್ಸಾಯ್ತಲ್ಲ’ ಎಂದು ಕಳಿಸಿದರು. ನಾನು ಆಗ ಬೇರೆ ಊರಿನಲ್ಲಿದ್ದೆ, ಫೋನಿನಲ್ಲಿ ಕೇಳಿ ಮೊಣಕಾಲೇ ಇರಬೇಕು ಎಂದುಕೊಂಡೆ. ಹಬ್ಬಕ್ಕೆ ಮನೆಗೆ ಹೋದಾಗ ಅಮ್ಮ ಕಾಲುಂಗುರ ಸರಿಮಾಡಿಕೊಳ್ಳಲು ಕಾಲು ಮೇಲೆ ತರಲಾಗದೆ ತಂಗಿಯನ್ನು ಕರೆಯುತ್ತಿದ್ದರು. ಆಗ ಹೊಳೆಯಿತು. ಚಾಪೆಯ ಮೇಲೆ ಮಲಗಿಸಿ, ಮೊಣಕಾಲು ಮಡಚಿ, ತೊಡೆಯನ್ನು ಒಳಕ್ಕೆ ತಿರುಗಿಸಿದೆ. ‘ಅಯ್ಯೋ ಮಾರಾಯ್ತಿ, ಬಿಡೇ!’ ಎಂದರು. ನೋವಿದ್ದದ್ದು ಸೊಂಟದ ಕೀಲಿನಲ್ಲಿ. ಏಳು ತಿಂಗಳು ಯಾರೂ ಅದನ್ನು ತಿರುಗಿಸಿಯೇ ನೋಡಿರಲಿಲ್ಲ. ಮೊಣಕಾಲಿನ ಎಕ್ಸ್‌ರೇ ಚೆನ್ನಾಗಿದ್ದೂ ನೋವಿದ್ದರೆ ‘ಸೊಂಟದ ಕೀಲನ್ನೂ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಮೂವತ್ತು ನಲವತ್ತರ ಗಂಡಸರಲ್ಲಿ ತೊಡೆಸಂದಿನ ನೋವು ಬಂದರೆ ಇನ್ನೊಂದು ಕಾರಣವನ್ನೂ ಯೋಚಿಸಬೇಕು. ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಕುಸಿಯುವ ಕಾಯಿಲೆ ಇದೆ. ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಕುಡಿತ ಜಾಸ್ತಿ ಇರುವವರಿಗೆ ಇದರ ಅಪಾಯ ಹೆಚ್ಚು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. ಇಲ್ಲಿ ವ್ಯಾಯಾಮ ಶುರುಮಾಡುವ ಮೊದಲು ಮೂಳೆ ವೈದ್ಯರನ್ನು ನೋಡಲೇಬೇಕು.

ಪಕ್ಕದ ಗಟ್ಟಿ ಮೂಳೆಯ ಮೇಲೆ ನೋವು, ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ, ಮೆಟ್ಟಿಲು ಹತ್ತಿದರೆ ಚುಚ್ಚುತ್ತದೆ ಎಂದರೆ ಅದು ಹೆಚ್ಚಾಗಿ ಅಲ್ಲಿಗೆ ಅಂಟಿಕೊಂಡ ಸ್ನಾಯುಗಳ ತುದಿಯ ತೊಂದರೆ. ನಲವತ್ತು ದಾಟಿದ ಹೆಂಗಸರಲ್ಲಿ ತುಂಬಾ ನೋಡುತ್ತೇವೆ. ಮನೆಕೆಲಸದ ನೋವು ಎಂದು ಸುಮ್ನೆ ಸಹಿಸಿಕೊಳ್ಳುವವರು ಇವರೇ. ಇದಕ್ಕೆ ಫಿಸಿಯೋಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 204 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಎಂಟು ವಾರದ ಕೊನೆಗೆ ವ್ಯಾಯಾಮ ಮತ್ತು ತಿಳಿವಳಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು 77 ಮಂದಿ ಚೆನ್ನಾಗಿ ಸುಧಾರಿಸಿದ್ದರು. ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಸುಮಾರು 58. ಕಾದು ನೋಡೋಣ ಎಂದವರಲ್ಲಿ 29.

ನೋವು ಹಿಂದೆ, ಕೂರುವ ಭಾಗದಲ್ಲಿದ್ದರೆ ಅದು ಬಹುಮಟ್ಟಿಗೆ ಸೊಂಟದ ಕೀಲಿನದ್ದಲ್ಲ, ಕೆಳಬೆನ್ನಿನದ್ದು. ಮೊಣಕಾಲು ದಾಟಿ ಪಾದದವರೆಗೆ ಸೆಳೆತ, ಜೋಮು ಇದ್ದರೆ ನರದ ಮೇಲೆ ಒತ್ತಡ ಇರಬಹುದು. ಅದರ ವ್ಯಾಯಾಮವೇ ಬೇರೆ. ಕೆಳಗಿನವು ಅದಕ್ಕಲ್ಲ.

ಮಲೆನಾಡಿನವಳಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನ ಕಾಯಿಲೆ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಸೊಂಟ, ಮೊಣಕಾಲಿನ ಕೀಲುಗಳನ್ನೇ ಕೆಡಿಸುತ್ತದೆ. ಇದು ಅಂಟುವ ರೋಗ ಅಲ್ಲ, ಯಾರ ಶಾಪವೂ ಅಲ್ಲ. ಅಂಥ ಕುಟುಂಬದ ಮಕ್ಕಳಲ್ಲಿ ನಡಿಗೆ ಬದಲಾದರೆ ಕಾಯದೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದೊಯ್ಯಿರಿ.

ಹೆಜ್ಜೆ 2: ಮನೆಮದ್ದು ಬೇಡದ ಲಕ್ಷಣಗಳು

ಬಿದ್ದ ಮೇಲೆ ಕಾಲೂರಲು ಆಗುತ್ತಿಲ್ಲ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಎಂದರೆ ಮೂಳೆ ಮುರಿದಿರಬಹುದು. ಎಳೆದು ಕೂರಿಸುವುದು, ತಿಕ್ಕುವುದು ಬೇಡ. ಕಾಲು ಅಲುಗಾಡದ ಹಾಗೆ ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ. ಜ್ವರದ ಜೊತೆ ಸೊಂಟ ನೋವು, ಮಲಗಿದರೂ ಬಿಡದ ರಾತ್ರಿಯ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಮೂತ್ರದ ಹಿಡಿತ ತಪ್ಪುವುದು ಅಥವಾ ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು: ಇವು ಯಾವುದಿದ್ದರೂ ವೈದ್ಯರೇ ನೋಡಬೇಕು, ಅದೂ ಬೇಗ. ಮಗು ಕುಂಟುತ್ತಿದ್ದರೆ, ‘ಆಟದಲ್ಲಿ ಉಳುಕಿರಬೇಕು’ ಎಂದು ವಾರಗಟ್ಟಲೆ ಕಾಯಬೇಡಿ. ಮಕ್ಕಳೂ ಸೊಂಟದ ನೋವನ್ನು ಮೊಣಕಾಲಿನಲ್ಲಿ ತೋರಿಸುತ್ತಾರೆ.

ಹೆಜ್ಜೆ 3: ದಿನದ ಅಭ್ಯಾಸ ಬದಲಿಸಿ

ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ತೋಟ, ಕೊಟ್ಟಿಗೆ ಬಿಟ್ಟು ಇರಲು ಆಗುತ್ತದೆಯೇ? ಕೂರುವ ಎತ್ತರ ಬದಲಿಸಿದರೆ ಸಾಕು. ಕೀಲಿನ ನೋವಿದ್ದವರು ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲಿರುವ ಹಾಗೆ ಕೂರಬೇಕು. ಅಮ್ಮನ ಮೆಟ್ಟುಗತ್ತಿಯನ್ನು ಅಪ್ಪ ಒಂದು ಬೆಂಚಿಗೆ ಕೂರಿಸಿಕೊಟ್ಟರು, ಅಮ್ಮ ಈಗ ಸ್ಟೂಲಿನ ಮೇಲೆ ಕೂತು ಸುಲಿಯುತ್ತಾರೆ. ಮೊದಲ ವಾರ ಕೈ ಕೂರಲಿಲ್ಲ, ಆಮೇಲೆ ಅಭ್ಯಾಸವಾಯಿತು. ಅರ್ಧ ಗಂಟೆಗೊಮ್ಮೆ ಎದ್ದು ಜಗುಲಿಯ ಆ ತುದಿಯಿಂದ ಈ ತುದಿಗೆ ನಡೆಯಿರಿ. ತಗ್ಗಿನ ಶೌಚಾಲಯವಾದರೆ ಮೇಲಿಡುವ ಕಮೋಡ್ ಕುರ್ಚಿ ತನ್ನಿ.

ಪಕ್ಕದ ನೋವಿದ್ದವರು ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ವಾಲಿಸಿ ನಿಲ್ಲುವುದು, ಮೊಮ್ಮಗುವನ್ನೋ ಕೊಡವನ್ನೋ ಯಾವಾಗಲೂ ಅದೇ ಸೊಂಟದ ಮೇಲೆ ಇಟ್ಟುಕೊಳ್ಳುವುದು ಬಿಡಬೇಕು. ನೋವಿಲ್ಲದ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಪ್ಪ ದಿಂಬು ಇಟ್ಟುಕೊಳ್ಳಿ.

ಕೋಲು ಹಿಡಿಯಲು ನಾಚಿಕೆಪಡುವವರು ಬಹಳ. ಹಿಡಿದವರಲ್ಲೂ ಅನೇಕರು ನೋವಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಅದು ತಪ್ಪು. ಬಲಗಾಲು ನೋವಾದರೆ ಕೋಲು ಎಡಗೈಯಲ್ಲಿ ಇರಬೇಕು. ಬಲಗಾಲು ಮುಂದಿಡುವಾಗ ಕೋಲೂ ಮುಂದೆ ಬರಲಿ. ಆಗ ಸೊಂಟದ ಪಕ್ಕದ ಸ್ನಾಯು ಅಷ್ಟು ಎಳೆಯಬೇಕಿಲ್ಲ, ಕೀಲಿನ ಭಾರ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಹೆಜ್ಜೆ 4: ವ್ಯಾಯಾಮ

‘ಸವೆದಿದೆ’ ಎಂಬ ಮಾತು ಕೇಳಿದ ಕೂಡಲೇ ಜನ ನಡೆಯುವುದನ್ನೇ ನಿಲ್ಲಿಸುತ್ತಾರೆ, ನಡೆದರೆ ಇನ್ನೂ ಸವೆಯುತ್ತದೆ ಎಂಬ ಹೆದರಿಕೆಗೆ. ಕೀಲು ಗಾಡಿಯ ಬೇರಿಂಗ್ ಅಲ್ಲ, ಜೀವವಿರುವ ಅಂಗ. ಹದವಾಗಿ ಆಡಿಸಿದರೆ ಅದಕ್ಕೆ ಒಳ್ಳೆಯದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ಸವಕಳಿಯ ಸಂಧಿವಾತ ಇರುವ ಎಲ್ಲರಿಗೂ ವ್ಯಾಯಾಮ ಕೊಡಿ ಎನ್ನುತ್ತದೆ.

ತೊಡೆಸಂದಿನ ಸವಕಳಿ ನೋವು, ಪಕ್ಕದ ನೋವು ಎರಡಕ್ಕೂ ಈ ನಾಲ್ಕರಿಂದ ಶುರು ಮಾಡಬಹುದು. ಸೊಂಟದ ಆಪರೇಷನ್ ಆದವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಮಾಡಬಾರದು.

ಮೊದಲನೆಯದು ಸೊಂಟ ಎತ್ತುವುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಕೂರುವ ಭಾಗವನ್ನು ಬಿಗಿ ಮಾಡಿ ಸೊಂಟವನ್ನು ನಿಧಾನ ಮೇಲೆತ್ತಿ. ಐದು ಎಣಿಸಿ, ಇಳಿಸಿ. ಹತ್ತು ಸಲ. ಬೆನ್ನು ನೋಯುತ್ತಿದ್ದರೆ ಕಡಿಮೆ ಎತ್ತಿ.

ಎರಡನೆಯದು ನೋಡುವವರಿಗೆ ಏನೂ ಮಾಡದಂತೆ ಕಾಣುತ್ತದೆ. ಪಾದಗಳನ್ನು ಸೊಂಟದಗಲ ಇಟ್ಟು ನಿಲ್ಲಿ. ನೆಲದ ಚಾಪೆಯನ್ನು ಎರಡು ಪಾದಗಳಿಂದ ಎರಡು ಕಡೆಗೆ ಹರಿಯುವ ಹಾಗೆ ಹೊರಕ್ಕೆ ಒತ್ತಿ. ಕಾಲು ಜರುಗಬಾರದು. ಹತ್ತು ಹದಿನೈದು ಎಣಿಸುವವರೆಗೆ ಹಿಡಿದು ಬಿಡಿ. ಐದು ಸಲ. ಪಕ್ಕದ ನೋವು ಜೋರಾಗಿರುವಾಗಲೂ ಹೆಚ್ಚಿನವರಿಗೆ ಇದು ಸಾಧ್ಯ.

ಮೂರನೆಯದು ಕುರ್ಚಿಯಿಂದ ಏಳುವುದು. ಎತ್ತರದ, ಅಲುಗಾಡದ ಕುರ್ಚಿ ಇರಲಿ. ಕೈ ಊರದೆ ಎದ್ದು, ಧೊಪ್ಪನೆ ಬೀಳದೆ ನಿಧಾನ ಕೂರಿ. ಹತ್ತು ಸಲ. ಸುಲಭವಾದಾಗ ಸ್ವಲ್ಪ ತಗ್ಗಿನ ಕುರ್ಚಿಗೆ ಬನ್ನಿ.

ನಾಲ್ಕನೆಯದಕ್ಕೆ ಜಗುಲಿಯ ಮೆಟ್ಟಿಲೇ ಸಾಕು. ನೋವಿನ ಕಾಲು ಮೆಟ್ಟಿಲ ಮೇಲಿಟ್ಟು ಹತ್ತಿ, ನಿಧಾನ ಇಳಿಯಿರಿ. ಕಂಬ ಹಿಡಿದುಕೊಳ್ಳಿ. ಇದು ಮೇಲಿನ ಮೂರು ಹಗುರವಾದ ಮೇಲೆ, ಮೊದಲ ದಿನವೇ ಅಲ್ಲ.

ಪಕ್ಕದ ನೋವಿಗೆ ಒಂದು ಎಚ್ಚರಿಕೆ. ಕಾಲನ್ನು ಮೈ ದಾಟಿಸಿ ಆ ಕಡೆಗೆ ಎಳೆಯುವ ಸ್ಟ್ರೆಚ್ ಮೊಬೈಲ್ ವಿಡಿಯೋಗಳಲ್ಲಿ ತುಂಬಾ ಕಾಣುತ್ತದೆ. ಅದು ನೋಯುವ ಸ್ನಾಯುವಿನ ತುದಿಯನ್ನು ಮೂಳೆಗೆ ಇನ್ನಷ್ಟು ಒತ್ತುತ್ತದೆ. ಬೇಡ.

ಎಷ್ಟು ನೋವು ಸಹಿಸಬಹುದು? ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ.

ಹೆಜ್ಜೆ 5: ಹನ್ನೆರಡು ವಾರ ಕೊಡಿ

ಸ್ನಾಯು ಬಲಿಯಲು ಎಂಟರಿಂದ ಹನ್ನೆರಡು ವಾರ ಬೇಕು. ಹತ್ತು ದಿನ ಕರೆಂಟ್ ಶಾಖ ಹಿಡಿಸಿಕೊಂಡು ‘ಫಿಸಿಯೋಥೆರಪಿ ಮಾಡಿಸಿದೆ, ಏನೂ ಆಗಲಿಲ್ಲ’ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಅವರ ಮೇಲಲ್ಲ. ಶಾಖ ಆ ಹೊತ್ತಿಗೆ ಹಿತ, ಅಷ್ಟೇ. ನಿಮ್ಮ ನಡಿಗೆ ನೋಡಿ, ಕೀಲು ತಿರುಗಿಸಿ ನೋಡಿ, ಮನೆಯಲ್ಲಿ ಏನು ಮಾಡಬೇಕೆಂದು ಹೇಳಿಕೊಟ್ಟು, ಎರಡು ಮೂರು ವಾರಕ್ಕೊಮ್ಮೆ ಅದನ್ನು ಏರಿಸುವವರ ಬಳಿ ಹೋಗಿ. ತಿಂಗಳಿಗೆ ಎರಡು ಸಲ ಬಸ್ಸು ಹಿಡಿದರೂ ನಡೆಯುತ್ತದೆ. ಹೋಗುವಾಗ ಹಳೆಯ ಎಕ್ಸ್‌ರೇ, ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನೂ ಹೇಳಿ. ‘ತೋಟದ ಸಂಕ ದಾಟಲು ಭಯ’ ಎಂದು ನೀವು ಹೇಳಿದರೆ ಅದಕ್ಕೇ ಬೇಕಾದ ತಯಾರಿ ಮಾಡಿಸಬಹುದು.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಇಲ್ಲ, ನಾಲ್ಕು ಹೆಜ್ಜೆ ಕಷ್ಟ ಎಂದಾದರೆ ಕೀಲು ಬದಲಾವಣೆಯ ಆಪರೇಷನ್ ಇದೆ. ಅದಕ್ಕೆ ಹೆದರಬೇಕಿಲ್ಲ. ಮೊದಲೇ ಬಲಿಸಿದ ಸ್ನಾಯು ಆಪರೇಷನ್ ಆದ ಮೇಲೂ ಉಪಯೋಗಕ್ಕೆ ಬರುತ್ತದೆ.

ಇನ್ನು ಅಂಗಳ. ಮಳೆಗಾಲದಲ್ಲಿ ನಮ್ಮ ಕಡೆ ಹಿರಿಯರ ಸೊಂಟ ಮುರಿಯುವುದು ಹೆಚ್ಚಾಗಿ ಪಾಚಿ ಕಟ್ಟಿದ ಅಂಗಳದಲ್ಲಿ, ಬಚ್ಚಲಿನಲ್ಲಿ. ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕಿಸಿ, ರಾತ್ರಿ ಹೋಗುವ ದಾರಿಗೆ ಒಂದು ಸಣ್ಣ ಬಲ್ಬು ಉರಿಯುತ್ತಿರಲಿ. ಜೂನ್ ಮಳೆ ಹಿಡಿಯುವ ಮುಂಚೆ ಅಂಗಳದ ಪಾಚಿ ಕೆರೆದು, ಜಗುಲಿಯಿಂದ ಕೊಟ್ಟಿಗೆಯವರೆಗೆ ಅಡಿಕೆ ದಬ್ಬೆ ಹಾಸಿಬಿಡಿ. ಹಳೆಯ ದಬ್ಬೆಯ ಮೇಲೂ ಪಾಚಿ ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.