ತಿಂಡಿಯಿಂದ ಶುರು ಮಾಡಿ: ಟೈಪ್ 2 ಸಕ್ಕರೆ ಕಾಯಿಲೆಯವರಿಗೆ ಕಾರ್ಬ್ ಕಡಿಮೆ ಮಾಡುವ ದಾರಿ

ಅನ್ನ ಬಿಟ್ಟು ಮುದ್ದೆ ಹಿಡಿದರೂ ಶುಗರ್ ಇಳಿಯುತ್ತಿಲ್ಲ ಎನ್ನುವವರು ಒಮ್ಮೆ ಹಿಟ್ಟನ್ನು ತೂಕ ಮಾಡಿ ನೋಡಬೇಕು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆಯ ಅಂಶ) ಇದ್ದರೆ, ಅಷ್ಟೇ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ ಕೈತುಂಬುವ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಬೇಕು, ಅಂದರೆ ಒಂದೇ ಮುದ್ದೆಯಲ್ಲಿ 55ರಿಂದ 65 ಗ್ರಾಂ ಕಾರ್ಬ್. ನವಣೆ, ಸಾಮೆ, ಓಟ್ಸ್, ಗೋಧಿ ನುಚ್ಚಿನ ಕಥೆಯೂ ಹೆಚ್ಚುಕಡಿಮೆ ಇದೇ. ಧಾನ್ಯ ಬದಲಿಸುವುದರಿಂದ ಸ್ವಲ್ಪ ಲಾಭ ಇದ್ದೀತು, ದೊಡ್ಡ ಲಾಭ ಇರುವುದು ಪ್ರಮಾಣ ಇಳಿಸುವುದರಲ್ಲಿ.

ಊಟ ಬದಲಿಸುವ ಮೊದಲು ಮಾತ್ರೆ ಚೀಟಿ ತೆಗೆದು ನೋಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಹೆಸರಿನ ಮಾತ್ರೆ ಇದ್ದರೆ, ಕಾರ್ಬ್ ಇಳಿಸಿದ ದಿನವೇ ಲೋ ಶುಗರ್ ಆಗಬಹುದು. ಈ ಔಷಧಿಗಳ ಡೋಸ್ ನಿಗದಿಯಾಗಿದ್ದು ನಿಮ್ಮ ಹಳೆಯ ಊಟಕ್ಕೆ. ಎಷ್ಟು ಇಳಿಸಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಲವು ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಜೊತೆ ಸೇರಿಕೊಂಡೇ ಬರುತ್ತದೆ. ಆದ್ದರಿಂದ ಕಂಪನಿಯ ಹೆಸರು ನೋಡಿದರೆ ಸಾಲದು, ಸ್ಟ್ರಿಪ್ ಹಿಂಬದಿಯ ಸಣ್ಣಕ್ಷರ ಓದಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳ ತೊಂದರೆ ಬೇರೆ. ಇವುಗಳ ಜೊತೆ ಕಾರ್ಬ್ ತೀರಾ ಕಡಿಮೆ ಮಾಡಿದರೆ ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಆಗಬಹುದು, ಅದೂ ಶುಗರ್ ಅಷ್ಟೇನೂ ಏರದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳದೆ ಆಸ್ಪತ್ರೆಗೆ ಹೋಗಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಈ ಭಯ ಇಲ್ಲ. ಬಿಪಿ ಮಾತ್ರೆಯವರಿಗೆ ಕೆಲವು ವಾರಗಳಲ್ಲಿ ಬಿಪಿ ಇಳಿದು, ಎದ್ದು ನಿಂತಾಗ ತಲೆ ಸುತ್ತಬಹುದು. ಅದನ್ನೂ ಡಾಕ್ಟರಿಗೆ ಹೇಳಬೇಕು.

ಗರ್ಭಿಣಿಯರು, ಹಾಲುಣಿಸುವವರು, ಟೈಪ್ 1 ಇರುವವರು, ಮೂತ್ರಪಿಂಡದ ತೊಂದರೆ ಅಥವಾ ಮೇದೋಜ್ಜೀರಕದ ಉರಿಯೂತ ಇದ್ದವರು, ಈಗಾಗಲೇ ಸೊರಗಿರುವ ವಯಸ್ಸಾದವರು ಇದನ್ನು ಓದಿ ಶುರು ಮಾಡುವುದು ಬೇಡ. ಕಣ್ಣಿನ ರೆಟಿನಾ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ವರ್ಷಗಟ್ಟಲೆ ಏರಿದ್ದ ಶುಗರ್ ದಿಢೀರನೆ ಇಳಿದರೆ ರೆಟಿನಾದ ಹಳೆಯ ತೊಂದರೆ ಕೆಲಕಾಲ ಹೆಚ್ಚಾಗುವುದುಂಟು.

ಇನ್ನು ಲೆಕ್ಕ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಅದನ್ನು ಲೋ ಕಾರ್ಬ್ ಎನ್ನುತ್ತಾರೆ. 20ರಿಂದ 50 ಗ್ರಾಂ ಅಂದರೆ ಕೀಟೋ. ಮೊದಲಿಗೆ ಕೀಟೋ ಗೋಜಿಗೆ ಹೋಗಬೇಡಿ. ಸಸ್ಯಾಹಾರಿ ಮನೆಯಲ್ಲಿ ಅದು ತಿಂಗಳೂ ನಡೆಯುವುದು ಕಷ್ಟ, ಔಷಧಿಯ ಅಪಾಯವೂ ಜಾಸ್ತಿ. ನಾಲ್ಕು ಇಡ್ಲಿ, ಮಧ್ಯಾಹ್ನ ಎರಡು ಬಟ್ಟಲು ಅನ್ನ, ರಾತ್ರಿ ಮೂರು ಚಪಾತಿ, ನಡುವೆ ಸಕ್ಕರೆ ಹಾಕಿದ ಮೂರು ಕಾಫಿ ಮತ್ತು ಬಿಸ್ಕತ್ತು ಇದ್ದರೆ 250 ಗ್ರಾಂ ಸುಲಭವಾಗಿ ದಾಟುತ್ತದೆ. ಅದನ್ನು 130ಕ್ಕೆ ತಂದರೆ ಅರ್ಧಕ್ಕೆ ಅರ್ಧ ಇಳಿಸಿದಂತೆ.

ಕೆಲವು ಅಂದಾಜುಗಳನ್ನು ನೆನಪಿಟ್ಟುಕೊಂಡರೆ ಪುಸ್ತಕ ಬೇಡ. ಬೆಂದ ಅನ್ನ 100 ಗ್ರಾಂಗೆ 28 ಗ್ರಾಂ ಕಾರ್ಬ್. 30 ಗ್ರಾಂ ಹಿಟ್ಟಿನ ಚಪಾತಿಗೆ 20. ಒಂದು ಇಡ್ಲಿಗೆ 10ರಿಂದ 12. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 34ರ ಆಸುಪಾಸು. ಒಂದು ಬಾಳೆಹಣ್ಣಿಗೆ 20ರಿಂದ 25, ಒಂದು ಟೀ ಚಮಚ ಸಕ್ಕರೆಗೆ 5, 100 ಎಂಎಲ್ ಹಾಲಿಗೂ 5. ಮೊಟ್ಟೆ, ಮೀನು, ಕೋಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪನೀರ್, ಸೊಪ್ಪು, ಬದನೆ, ಹೀರೆ, ಸೋರೆ, ಬೆಂಡೆ, ಹಾಗಲ, ಎಲೆಕೋಸಿನಲ್ಲಿ ಚಿಂತಿಸುವಷ್ಟಿಲ್ಲ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಸೇರಿಸದೆ ಅನ್ನದ ಲೆಕ್ಕಕ್ಕೆ ಸೇರಿಸಿ. ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದು ಎರಡು ವಾರ ತೂಗಿದರೆ ಸಾಕು, ಆಮೇಲೆ ಕಣ್ಣಳತೆ ಕೂರುತ್ತದೆ.

ಮೂರು ಹೊತ್ತನ್ನೂ ಒಂದೇ ದಿನ ಬದಲಿಸಬೇಡಿ. ಮೊದಲ ವಾರ ತಿಂಡಿ ಮಾತ್ರ. ನಮ್ಮ ತಿಂಡಿ ಹೆಚ್ಚಾಗಿ ಬರೀ ಪಿಷ್ಟ. ಚಿತ್ರಾನ್ನ, ಅವಲಕ್ಕಿ, ರವೆ ಉಪ್ಪಿಟ್ಟು, ದೋಸೆ ಯಾವುದರಲ್ಲೂ ಪ್ರೋಟೀನ್ ಹೇಳಿಕೊಳ್ಳುವಷ್ಟಿಲ್ಲ. ಬೆಳಗಿನ ಹೊತ್ತು ಇನ್ಸುಲಿನ್ ಕೆಲಸ ಮಾಡುವುದೂ ಹಲವರಲ್ಲಿ ಮಂದ. ಹಾಗಾಗಿ ಬದಲಾವಣೆ ಮೀಟರಿನಲ್ಲಿ ಬೇಗ ಕಾಣುವುದು ಇಲ್ಲೇ.

ಮೊಟ್ಟೆ ತಿನ್ನುವವರಿಗೆ ದಾರಿ ಸುಲಭ: ಎರಡು ಮೊಟ್ಟೆಯ ಆಮ್ಲೆಟ್, ಒಂದು ಬಟ್ಟಲು ಪಲ್ಯ, ಬೇಕಾದರೆ ಒಂದು ಚಪಾತಿ. ತಿನ್ನದವರಿಗೆ ಸೋಯಾ ಉಪ್ಪಿಟ್ಟು ಒಳ್ಳೆಯದು. ಒಬ್ಬರಿಗೆ 40 ಗ್ರಾಂ ಸೋಯಾ ಗ್ರಾನ್ಯೂಲ್ಸ್ ತೆಗೆದುಕೊಳ್ಳಿ. ಇದರಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 13 ಗ್ರಾಂ ಕಾರ್ಬ್ ಇದೆ. ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿ. ಹಿಂಡದೆ ಹಾಕಿದರೆ ಸೋಯಾ ವಾಸನೆ ಉಳಿದು ಮನೆಯವರು ಎರಡನೇ ಸಲ ಮುಟ್ಟುವುದಿಲ್ಲ. ಸಾಸಿವೆ, ಕರಿಬೇವು, ಹಸಿಮೆಣಸು, ಶುಂಠಿಯ ಒಗ್ಗರಣೆಗೆ ಈರುಳ್ಳಿ, ಸಣ್ಣಗೆ ಹೆಚ್ಚಿದ ಬೀನ್ಸ್, ದೊಣ್ಣೆಮೆಣಸು ಹಾಕಿ ಬಾಡಿಸಿ, ಸೋಯಾ ಸೇರಿಸಿ ಉರಿ ಜಾಸ್ತಿ ಮಾಡಿ ನೀರಿನಂಶ ಆರುವವರೆಗೆ ಹುರಿಯಿರಿ. ನೀರು ಹಾಕಲೇಬೇಡಿ, ಹಾಕಿದರೆ ಉದುರುದುರಾಗದೆ ಮೆತ್ತಗಾಗುತ್ತದೆ. ಕೊನೆಗೆ ಕಾಯಿತುರಿ, ನಿಂಬೆರಸ. ಬೇಸರವಾದ ದಿನ 40 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿ ದೋಸೆ ಹುಯ್ದು, ಮೇಲೆ 50 ಗ್ರಾಂ ಪನೀರ್ ತುರಿದು ಹಾಕಿ. ಚಟ್ನಿಗೆ ಹುರಿಗಡಲೆ ಕಡಿಮೆ ಮಾಡಿ ಕಾಯಿ, ಶೇಂಗಾ ಹೆಚ್ಚು ಮಾಡಿಕೊಳ್ಳಿ.

ಎರಡನೇ ವಾರ ರಾತ್ರಿಯೂಟ, ಮೂರನೆಯದರಲ್ಲಿ ಮಧ್ಯಾಹ್ನದ್ದು. ತಿಂಡಿಗೆ 30, ಮಧ್ಯಾಹ್ನ 40, ರಾತ್ರಿ 30 ಗ್ರಾಂ ಇಟ್ಟುಕೊಂಡರೆ ಹಾಲು, ಮೊಸರು, ಹಣ್ಣು, ಶೇಂಗಾಕ್ಕೆ 30 ಉಳಿಯುತ್ತದೆ. ಮಧ್ಯಾಹ್ನದ ತಟ್ಟೆಗೆ ಮೊದಲು ಎರಡು ಬಟ್ಟಲು ಪಲ್ಯ ಅಥವಾ ಸೊಪ್ಪು, ಆಮೇಲೆ ಮೊಟ್ಟೆ, ಮೀನು, ಪನೀರ್, ಗಟ್ಟಿ ಮೊಸರಿನಂಥದ್ದು, ಕಡೆಗೆ ಅನ್ನ ಬಡಿಸಿಕೊಳ್ಳಿ. ತಿನ್ನುವುದೂ ಇದೇ ಕ್ರಮದಲ್ಲಿ. ಅನ್ನ ಕೊನೆಗೆ ತಿಂದರೆ ಶುಗರ್ ಅಷ್ಟು ಚೂಪಾಗಿ ಏರುವುದಿಲ್ಲ. 100 ಗ್ರಾಂ ಅನ್ನ, ಇಲ್ಲವೇ 45 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ, ಎರಡೂ ಅಲ್ಲ. ಹುಳಿಗೆ ಬೆಲ್ಲ ಬಿಡಿ. ಬೇಳೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೇ ಇರುವುದರಿಂದ, ಒಬ್ಬರಿಗೆ 25 ಗ್ರಾಂ ಹಸಿ ಬೇಳೆ ದಾಟಿಸದೆ ತರಕಾರಿ ಹೆಚ್ಚು ಹಾಕಿ. ಬರೀ ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಏನೂ ಇಡದಿದ್ದರೆ ಸಂಜೆ ಐದಕ್ಕೆ ಕೈ ಚಕ್ಕುಲಿ ಡಬ್ಬಿಗೆ ಹೋಗುತ್ತದೆ. ಪಥ್ಯ ಕೆಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

‘ಡಯಾಬಿಟಿಕ್’ ಎಂದು ಬರೆದ ಬಿಸ್ಕತ್ತಿಗೆ ಮರುಳಾಗಬೇಡಿ. ಸಕ್ಕರೆ ಇಲ್ಲದಿದ್ದರೂ ಹಿಟ್ಟು ಇದೆ. ಸಕ್ಕರೆ ಬದಲು ಜೋನಿಬೆಲ್ಲ, ಜೇನು ಹಾಕಿದರೂ ವ್ಯತ್ಯಾಸ ಇಲ್ಲ.

ಗ್ಲುಕೋಮೀಟರ್ ಬಳಸುವ ರೀತಿ: ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ. ಎರಡರ ನಡುವಿನ ಅಂತರ ಬರೆದಿಟ್ಟರೆ ಯಾವ ತಿಂಡಿ ನಿಮಗೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ದಿನಕ್ಕೊಂದು ಹೊತ್ತಿನ ಜೋಡಿ ಸಾಕು, ಸ್ಟ್ರಿಪ್ ದುಬಾರಿ. ಆದರೆ ಇನ್ಸುಲಿನ್ ಅಥವಾ ಮೇಲೆ ಹೇಳಿದ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯವರು ಮೊದಲ ವಾರಗಳಲ್ಲಿ ಇನ್ನೂ ಹೆಚ್ಚು ಸಲ ನೋಡಬೇಕು. ಎರಡು ಗಂಟೆಗೆ 180ರ ಒಳಗಿರುವುದು ಸಾಮಾನ್ಯ ಗುರಿ. ಹಣ್ಣು ಮುಟ್ಟಿದ ಕೈಯಲ್ಲಿ ಚುಚ್ಚಿದರೆ ಸುಳ್ಳು ಏರಿಕೆ ತೋರಿಸುತ್ತದೆ. ಕೈ ತೊಳೆದು, ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ.

ನಡುಕ, ಬೆವರು, ತಡೆಯಲಾರದ ಹಸಿವು ಬಂದು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಪಥ್ಯ ಮರೆತು ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಕಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರಿರದಿದ್ದರೆ ಮತ್ತೆ ಕುಡಿಯಿರಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಮಾತ್ರ ಸಕ್ಕರೆ ನಡೆಯದು. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು.

ಮೊದಲ ವಾರ ತಲೆನೋವು, ಸುಸ್ತು ಸಾಮಾನ್ಯ. ಕಾರ್ಬ್ ಇಳಿದಾಗ ಮೂತ್ರದಲ್ಲಿ ಉಪ್ಪು, ನೀರು ಹೆಚ್ಚು ಹೋಗುತ್ತದೆ. ಉಪ್ಪು ಹಾಕಿದ ತೆಳು ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ, ಆದರೆ ಬಿಪಿ, ಹೃದಯದ ತೊಂದರೆ ಇರುವವರು ಕೇಳಿಯೇ ಉಪ್ಪು ಹೆಚ್ಚಿಸಬೇಕು. ಮಲಬದ್ಧತೆಗೆ ಸೊಪ್ಪು, ನೀರು, ಒಂದು ಚಮಚ ಅಗಸೆ ಪುಡಿ. ಕಣ್ಣು ಮಂಜಾದರೆ ಹೊಸ ಕನ್ನಡಕಕ್ಕೆ ಓಡಬೇಡಿ, ಶುಗರ್ ಒಂದು ಮಟ್ಟಕ್ಕೆ ನಿಲ್ಲುವವರೆಗೆ ನಂಬರ್ ಬದಲಾಗುತ್ತಿರುತ್ತದೆ. ಹಠಾತ್ ಮಸುಕು ಅಥವಾ ಕಪ್ಪು ಚುಕ್ಕೆ ಕಂಡರೆ ಮಾತ್ರ ಅದೇ ದಿನ ತೋರಿಸಿ.

ಊಟದ ನಂತರದ ಶುಗರ್ ಇಳಿದರೂ ಬೆಳಗಿನ ಫಾಸ್ಟಿಂಗ್ ಹಟ ಹಿಡಿಯುವುದುಂಟು, ರಾತ್ರಿಯಿಡೀ ಯಕೃತ್ತು ಸಕ್ಕರೆ ಬಿಡುವುದೇ ಕಾರಣ. ಅದು ಇಳಿಯುವುದು ಹೆಚ್ಚಾಗಿ ಕೊನೆಗೆ. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮೂರು ತಿಂಗಳಿಗೊಮ್ಮೆ ಸಾಕು. ಕಾರ್ಬ್ ನಿಜಕ್ಕೂ ಇಳಿಸಿದ್ದರೂ ಶುಗರ್ 250 ಬಿಟ್ಟು ಕೆಳಗೆ ಬರದೆ, ತೂಕ ಮಾತ್ರ ಸುರಿದುಹೋಗುತ್ತಿದ್ದರೆ ಮೂರು ತಿಂಗಳು ಕಾಯಬೇಡಿ. ದೇಹದಲ್ಲಿ ಇನ್ಸುಲಿನ್ನೇ ಸಾಲುತ್ತಿಲ್ಲದಿರಬಹುದು, ಅದಕ್ಕೆ ಬೇಕಾಗುವುದು ಇನ್ಸುಲಿನ್.