ನೊರೆ ತೂಗಿದ ರಾತ್ರಿ

ಎಣ್ಣೆ ಬಾವಿಯಲ್ಲಿ ಕೆಲಸ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ. ಎಣ್ಣೆ ಎಷ್ಟು ಎತ್ತರ ಚಿಮ್ಮುತ್ತೆ? ಚಿಮ್ಮಬಾರದು ಅಂತಲೇ ನನಗೆ ಸಂಬಳ ಕೊಡುತ್ತಿದ್ದರು. ನಾನು ಮಡ್ ಕೆಮಿಸ್ಟ್, ಬಾವಿ ಕೊರೆಯುವಾಗ ಎಣ್ಣೆ, ಗ್ಯಾಸ್ ಮೇಲೆ ನುಗ್ಗದಂತೆ ತನ್ನ ತೂಕದಿಂದ ಒತ್ತಿಹಿಡಿಯುವ ಕೆಸರಿನ ಹದ ನೋಡುವವನು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ 1984ರಲ್ಲಿ ಗುಜರಾತಿನ ಮೆಹಸಾಣಾಕ್ಕೆ ಹೋದವನು ವರ್ಷಗಟ್ಟಲೆ ಮಾಡಿದ್ದು ಕೆಸರು ಕಲಸುವ ಕೆಲಸ.

ಗುಜರಾತಿಗೆ ಆಗಲೇ ಎಣ್ಣೆ ಹಳೇ ಸುದ್ದಿ. 1958ರಲ್ಲಿ ಖಂಭಾತ್ ಹತ್ತಿರದ ಲುಣೇಜ್, 1960ರಲ್ಲಿ ಅಂಕಲೇಶ್ವರ. ಅಲ್ಲಿನ ಬಾವಿಗೆ ನೆಹರೂ 'ವಸುಧಾರಾ' ಅಂತ ಹೆಸರಿಟ್ಟ ಕತೆಯನ್ನು ಹಳಬರು ಟೀ ಕುಡಿಯುವಾಗೆಲ್ಲ ಹೇಳೋರು. ನಮ್ಮ ಮೆಹಸಾಣಾದ ಸಾಂಥಾಲ್, ಬಲೋಲ್ ಕಡೆ ಬೇರೆ ಕತೆ. ಆಳ ಸಾವಿರ ಮೀಟರ್ ಆಸುಪಾಸು ಅಷ್ಟೆ, ಆದರೆ ಎಣ್ಣೆ ಕಾಕಂಬಿಯ ಹಾಗೆ. ಪಂಪ್ ಹಾಕಿ ಎಳೆಯಬೇಕು. 1990ರಲ್ಲಿ ಬಲೋಲ್‌ನಲ್ಲಿ ಗಾಳಿ ಒತ್ತಿ ನೆಲದೊಳಗೇ ಸ್ವಲ್ಪ ಎಣ್ಣೆ ಸುಟ್ಟು, ಆ ಬಿಸಿಗೆ ಉಳಿದದ್ದು ತೆಳ್ಳಗಾಗಿ ಹರಿಯುವಂತೆ ಮಾಡುವ ಪ್ರಯೋಗವೂ ಶುರುವಾಯಿತು.

ಮಡ್ ಅಂದರೆ ನೀರು, ಬೆಂಟೋನೈಟ್ ಜೇಡಿ, ತೂಕಕ್ಕೆ ಬೆರೈಟ್ ಪುಡಿ. ಪೈಪಿನೊಳಗಿಂದ ಇಳಿದು, ತುದಿಯಲ್ಲಿ ಕಲ್ಲು ಕೊರೆಯುವ ಬಿಟ್‌ನ ತೂತುಗಳಿಂದ ಹೊರಬಿದ್ದು, ಕೊರೆದ ಕಲ್ಲಿನ ಚೂರು ಹೊತ್ತು ಪೈಪಿನ ಹೊರಗಡೆಯಿಂದ ಮೇಲೆ ಬಂದು, ಜರಡಿಯಲ್ಲಿ ಚೂರು ಸೋಸಿಕೊಂಡು ತೊಟ್ಟಿಗೆ ಬೀಳುತ್ತದೆ. ತೆಳ್ಳಗಾದರೆ ಚೂರು ಎತ್ತಲ್ಲ, ಗಟ್ಟಿಯಾದರೆ ಪಂಪು ಒದ್ದಾಡುತ್ತೆ. ಹದ ನೋಡೋಕೆ ಒಂದು ಆಲಿಕೆ, ಮಾರ್ಷ್ ಫನಲ್ ಅಂತ. ತಳದ ತೂತಿಗೆ ಬೆರಳು ಒತ್ತಿ, ಮಡ್ ತುಂಬಿ, ಬೆರಳು ತೆಗೆದು ವಾಚ್ ನೋಡೋದು. 946 ಮಿಲಿ ಇಳಿಯೋಕೆ ನೀರಿಗೆ 26 ಸೆಕೆಂಡ್ ಸಾಕು. ನಾನು 45ರ ಹತ್ತಿರ ಇಡುತ್ತಿದ್ದೆ. ಅಮ್ಮ ಇಡ್ಲಿ ಹಿಟ್ಟನ್ನು ಸೌಟಿನಿಂದ ಬಿಟ್ಟು ನೋಡಿ ಹದ ಹೇಳುತ್ತಿದ್ದಳಲ್ವಾ, ಎರಡನೇ ವರ್ಷಕ್ಕೆ ನನಗೂ ಮಡ್ ಜರಡಿಯ ಮೇಲೆ ಬೀಳೋದು ನೋಡಿದರೇ ಅಂದಾಜು ಸಿಗುತ್ತಿತ್ತು.

ಮೊದಲ ವರ್ಷ ಮಾತ್ರ ಸಿಗುತ್ತಿರಲಿಲ್ಲ. ಒಂದು ರಾತ್ರಿ ಮಡ್ ತೂಗಿದೆ, ತಕ್ಕಡಿ 1.08 ತೋರಿಸಿತು, ಅಂದರೆ ಅಷ್ಟೇ ನೀರಿನ 1.08 ಪಟ್ಟು ತೂಕ. ಇರಬೇಕಾದದ್ದು 1.15. ತೂಕ ಕಮ್ಮಿಯಾದರೆ ಕೆಳಗಿನ ಗ್ಯಾಸ್ ಒಳನುಗ್ಗುತ್ತೆ ಅಂತ ಗಾಬರಿಯಾಗಿ ಯಾರನ್ನೂ ಕೇಳದೆ ಬೆರೈಟ್ ಮೂಟೆ ಬಿಚ್ಚಿಸಿದೆ, ತಕ್ಕಡಿ 1.15 ಹೇಳುವವರೆಗೂ ಸುರಿಸಿದೆ. ಒಂದೆರಡು ಗಂಟೆಯಲ್ಲಿ ತೊಟ್ಟಿಯ ಮಟ್ಟ ಇಳಿಯತೊಡಗಿತು. ಕಳಿಸಿದ ಮಡ್ ವಾಪಸ್ ಬರುತ್ತಿಲ್ಲ, ಕೆಳಗೆ ಕಲ್ಲು ಬಿರಿದು ಅದನ್ನು ಕುಡಿಯುತ್ತಿದೆ.

ತೊಟ್ಟಿ ನೋಡಿಕೊಳ್ಳುತ್ತಿದ್ದ ವಯಸ್ಸಾದ ಗುಜರಾತಿಯೊಬ್ಬರು ಬಂದು ತಕ್ಕಡಿಯ ಬಟ್ಟಲು ನೋಡಿದರು. "ಸಾಹೇಬ್, ನೀವು ನೊರೆ ತೂಗಿದ್ದೀರಿ" ಅಂದರು, ಹಿಂದಿಯಲ್ಲಿ, ಮೆಲ್ಲಗೆ. ಬಕೆಟ್ಟಿಗೆ ಮಡ್ ತುಂಬಿ ಕೋಲಿನಿಂದ ನಿಧಾನ ತಿರುವಿ ನೊರೆ ಕೂತ ಮೇಲೆ ತೂಗಿದರು. 1.22. ಸಾವಿರ ಮೀಟರ್ ಆಳದಲ್ಲಿ ಆ 0.07 ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋ ಹೆಚ್ಚು ಒತ್ತಡ. ನಾನು ಮೊದಲು ತೂಗಿದ್ದು ಗಾಳಿ ಸೇರಿ ಉಬ್ಬಿದ್ದ ಮಡ್, ಬೆರೈಟ್ ಸುರಿಯುವ ಮುಂಚೆ ಅದರ ತೂಕ ಸರಿಯಾಗೇ ಇತ್ತು.

ಆಮೇಲೆ ಬೆಳಗಿನವರೆಗೂ ಭತ್ತದ ಹೊಟ್ಟು, ಅಭ್ರಕದ ಚೂರು ಕಲಸಿ ಕಲಸಿ ಕೆಳಗೆ ಕಳಿಸಿದೆವು, ಬಿರುಕು ಮುಚ್ಚಲಿ ಅಂತ. ಪೈಪು ಸಿಕ್ಕಿಹಾಕಿಕೊಳ್ಳಬಹುದು ಅಂತ ಡ್ರಿಲ್ಲರ್ ಅದನ್ನು ಮೇಲೆ ಕೆಳಗೆ ಆಡಿಸುತ್ತಲೇ ಇದ್ದರು, ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಬೆಳಕು ಹರಿಯುವಾಗ ಜರಡಿಯ ಮೇಲೆ ಮೊದಲು ಸಣ್ಣಗೆ, ಆಮೇಲೆ ಪೂರ್ತಿಯಾಗಿ ಮಡ್ ಬಿತ್ತು. ಆ ಹಿರಿಯರು ಕೈ ತೊಳೆದು ಬೀಡಿ ಸೇದೋಕೆ ಬೇಲಿಯಾಚೆ ಹೋದರು. ರಿಗ್, ಅಂದರೆ ಕೊರೆಯುವ ಯಂತ್ರದ ಹತ್ತಿರ ಬೆಂಕಿಕಡ್ಡಿ ಗೀರುವಂತಿರಲಿಲ್ಲ.

ಬಾವಿ ಮುಗಿಯಿತು, ಕೇಸಿಂಗ್ ಅನ್ನುವ ಉಕ್ಕಿನ ಕೊಳವೆ ಇಳಿಸಿ ಸಿಮೆಂಟ್ ಹಾಕಿ ರಿಗ್ ಬಿಚ್ಚಿ ಮುಂದಿನ ಹೊಲಕ್ಕೆ ಹೋದೆವು. ಕೊರೆಯುವವರು ಎಣ್ಣೆ ಬರುವವರೆಗೆ ನಿಲ್ಲುವುದು ಕಮ್ಮಿ. ಮೂರು ವರ್ಷ ಕಳೆದು ಜೀಪಿನಲ್ಲಿ ಅದೇ ದಾರಿಯಲ್ಲಿ ಬರುವಾಗ ಜೀರಿಗೆ ಹೊಲದ ನಡುವೆ ನನ್ನ ಬಾವಿಯ ಪಂಪು ಒಂದೇ ಸಮ ತಲೆ ಆಡಿಸುತ್ತಿತ್ತು. ಪಕ್ಕದಲ್ಲಿದ್ದ ಹೊಸ ಹುಡುಗ ಕೇಳಿದ, ಇದು ಯಾರು ಕೊರೆದದ್ದು ಸಾರ್ ಅಂತ.